ಗುರುಮಲ್ಲಯ್ಯ ಮಲಯಾಳದಲ್ಲಿ ಹೇಳುತ್ತಿದ್ದ ಕತೆ

ಹೊಳೆಕೋಟೆ ಎಂಬ ಹೆಸರು ಕೇಳಿ ದೊಡ್ಡ ಹೊಳೆ, ದೊಡ್ಡ ಕೋಟೆ ಎಂದುಕೊಂಡು ಬಂದವರು ಬಸ್ಸಿನಿಂದ ಇಳಿದ ಕೂಡಲೇ ಪೆಚ್ಚಾಗುತ್ತಿದ್ದರು. ಗುಂಡ್ಲುಹೊಳೆ ಮಳೆಗಾಲದ ಎರಡು ತಿಂಗಳು ಹೊಳೆ, ಮಿಕ್ಕ ಹತ್ತು ತಿಂಗಳು ಎಮ್ಮೆಗಳ ಹಾದಿ. ಕೋಟೆಯ ಕತೆಯೂ ಅಷ್ಟೇ. ಅರ್ಧ ಗೋಡೆಯನ್ನು ಶತ್ರುಗಳು ಕೆಡವಿದ್ದರೆ ಉಳಿದರ್ಧವನ್ನು ಊರಿನವರೇ ಕಿತ್ತು ದನದ ಕೊಟ್ಟಿಗೆಗೆ ಹಾಕಿಕೊಂಡಿದ್ದರು. ಬೇಗೂರಿನಿಂದ ಗುಂಡ್ಲುಪೇಟೆಗೆ ಹೋಗುವ ಹೆದ್ದಾರಿ ಬಿಟ್ಟು ಮೂರು ಮೈಲಿ ಒಳಗೆ ಹೋದರೆ ಸಿಗುವ ಈ ಊರನ್ನು ಬಹಳ ಕಾಲ ಮಾತಾಡಿಸಿದವರು ಈರುಳ್ಳಿ ದಲ್ಲಾಳಿಗಳು ಮಾತ್ರ.

ಎರಡು ಸಾವಿರದ ಎರಡನೇ ಇಸವಿಯಲ್ಲಿ ಹೊಳೆಗೆ ಅಡ್ಡಲಾಗಿ ಒಂದು ಚೆಕ್ ಡ್ಯಾಮ್ ಬಂತು. ನೀರು ನಿಂತಿತು. ನೀರು ನಿಂತಲ್ಲಿ ಕೊಕ್ಕರೆ ಬರುವ ಹಾಗೆ ಮೈಸೂರಿನ ಯಾರೋ ಬಂದು ದಡದಲ್ಲಿ ರೆಸಾರ್ಟು ಕಟ್ಟಿದರು. ಅದರ ಹಿಂದೆಯೇ ಎರಡು ಲಾಡ್ಜು, ನಾಲ್ಕು ಹೋಟೆಲು, ಎಳನೀರಿನವರ ಸಾಲು, ಬಾಡಿಗೆಗೆ ಹರಿಗೋಲು. ಶನಿವಾರ ಭಾನುವಾರ ಬಂತೆಂದರೆ ಕೇರಳದ ವ್ಯಾನುಗಳು. ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವವರು, ಬಂಡೀಪುರದಲ್ಲಿ ಆನೆ ಕಾಣದೆ ಬೇಜಾರಾಗಿ ಬಂದವರು, ಎಲ್ಲರೂ ಹೊಳೆಯಲ್ಲಿ ಕಾಲು ಅದ್ದಿ, ಕೋಟೆ ನೋಡಿ, ಮೀನು ತಿಂದು ಹೋಗುತ್ತಿದ್ದರು. ಕೋಟೆ ತೋರಿಸುವವನು ಗುರುಮಲ್ಲಯ್ಯ.

ಗುರುಮಲ್ಲಯ್ಯನಿಗೆ ಆಗ ಐವತ್ತರ ಹತ್ತಿರ. ಊರಿನಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದ ಮೂರನೆಯವನು ಅವನು. ಪಾಸಾಗಿ ಏನು ಬಂತು, ಗುಂಡ್ಲುಪೇಟೆಯಿಂದ ಕೋಳಿಕ್ಕೋಡಿಗೆ ತರಕಾರಿ ಹೊರುವ ಲಾರಿಯಲ್ಲಿ ಕ್ಲೀನರ್ ಆದ. ಇಪ್ಪತ್ತೆಂಟು ವರ್ಷ ಲಾರಿಯ ಎಡಗಡೆ ಸೀಟಿನಲ್ಲಿ ಕೂತು ಡ್ರೈವರುಗಳ ಬೈಗುಳ ತಿಂದ. ಲಾರಿಯ ಕ್ಲೀನರ್ ಮಾತಿಗೆ ಯಾರು ಕಿವಿ ಕೊಡುತ್ತಾರೆ? ಬಲಕ್ಕೆ ಬಾ, ಎಡಕ್ಕೆ ಬಾ, ರೈಟ್ ಎನ್ನುವುದಷ್ಟೇ ಅವನ ಭಾಷಣ. ಆದರೆ ಕೋಳಿಕ್ಕೋಡಿನ ಮಂಡಿಗಳಲ್ಲಿ ಲೋಡು ಇಳಿಯುವವರೆಗೆ ಕಾದು ಕಾದು ಮಲಯಾಳ ಮಾತ್ರ ನೀರು ಕುಡಿದಷ್ಟು ಸಲೀಸಾಗಿ ಬಂತು. ಕೊನೆಗೆ ವಯನಾಡಿನ ಘಾಟಿಯಲ್ಲಿ ಲಾರಿ ಮಗುಚಿ ಎಡಗಾಲಿನ ಮೂಳೆ ಮುರಿಯಿತು. ಕುಂಟುತ್ತ ಊರಿಗೆ ಬಂದವನನ್ನು ಹೆಂಡತಿ ಯಶೋದಮ್ಮ ನಾಲ್ಕು ವರ್ಷ ಕೂಲಿ ಮಾಡಿ ಸಾಕಿದಳು. ರೆಸಾರ್ಟು ಬಂದಾಗ ಮಲಯಾಳ ಬಲ್ಲ, ಕೋಟೆಯ ಕತೆಯೂ ಬಲ್ಲ ಆಳು ಊರಿನಲ್ಲಿ ಒಬ್ಬನೇ ಇದ್ದ. ಮ್ಯಾನೇಜರ್ ಬಸವಪ್ರಸಾದ್ ಅವನಿಗೊಂದು ನೀಲಿ ಅಂಗಿ ಕೊಟ್ಟು ಗೈಡ್ ಮಾಡಿದ.

ಕೋಟೆಯ ಕತೆ ಅವನಿಗೆ ಬಂದದ್ದು ಶಿವರುದ್ರಮ್ಮನಿಂದ. ಅವನಿಗೆ ಆರು ವರ್ಷವಾದಾಗ ತಾಯಿ ತೀರಿಕೊಂಡಳು. ಪಕ್ಕದ ಮನೆಯ ಶಿವರುದ್ರಮ್ಮ ತನ್ನ ಮಕ್ಕಳ ಸಾಲಿನಲ್ಲಿ ಅವನಿಗೂ ಒಂದು ತಟ್ಟೆ ಹಾಕಿದಳು. ಮುದ್ದೆ ನುಂಗಲು ಹಟ ಮಾಡಿದರೆ ಕತೆ ಹೇಳಿ ನುಂಗಿಸುವಳು. ಅವನು ಅವಳನ್ನು ದೊಡ್ಡವ್ವ ಎನ್ನುತ್ತಿದ್ದ, ಐವತ್ತಾದರೂ ಹಾಗೆಯೇ ಎನ್ನುತ್ತಿದ್ದ.

ಅವಳು ಹೇಳುತ್ತಿದ್ದ ಕತೆ ಅವಳ ಗಂಡನ ಮನೆಯದೇ. ಕೋಟೆಗೆ ಹೊಳೆಯ ಕಡೆ ಒಂದು ದಿಡ್ಡಿ ಬಾಗಿಲಿದೆ, ಒಬ್ಬರು ಬಗ್ಗಿ ನುಸುಳುವಷ್ಟು ಚಿಕ್ಕದು. ಪಾಳೇಗಾರರ ಕಾಲದಲ್ಲಿ ಆ ಬಾಗಿಲಿನ ಬೀಗ ಕಾಯುತ್ತಿದ್ದದ್ದು ಆ ಮನೆತನ. ಯಾವುದೋ ದಂಡು ಬಂದು ಕೋಟೆಗೆ ಮುತ್ತಿಗೆ ಹಾಕಿತು. ದೊಡ್ಡ ಬಾಗಿಲು ಇನ್ನೇನು ಬಿತ್ತು ಎನ್ನುವಾಗ ಕಾವಲುಗಾರನ ಹೆಂಡತಿ ಮಾದಮ್ಮ ದಿಡ್ಡಿ ಬಾಗಿಲು ತೆಗೆದು ಒಳಗಿದ್ದ ಹೆಂಗಸರು, ಮಕ್ಕಳು, ಬಾಣಂತಿಯರನ್ನೆಲ್ಲ ಹೊಳೆ ದಾಟಿಸಿದಳು. ಕಡೆಯವರು ದಾಟಿದ ಮೇಲೆ ತಾನು ಒಳಗೇ ನಿಂತು ಬೀಗ ಹಾಕಿದಳು. ದಂಡಿನವರು ಅವರ ಬೆನ್ನು ಹತ್ತಬಾರದೆಂದು ಬೀಗದ ಕೈಯನ್ನು ಗೋಡೆಯ ಮೇಲಿಂದ ಹೊಳೆಗೆ ಎಸೆದಳು. ಅವಳನ್ನು ಏನು ಮಾಡಿದರೋ ಯಾರಿಗೂ ಗೊತ್ತಿಲ್ಲ. ಅಂದಿನಿಂದ ಆ ಮನೆಯ ಹೆಂಗಸರು ಸೊಂಟಕ್ಕೆ ಬೀಗದ ಕೈ ಸಿಕ್ಕಿಸುವುದಿಲ್ಲ. ಬೇರೆ ಮನೆಗಳಲ್ಲಿ ಅತ್ತೆ ಸೊಸೆಗೆ ಬೀಗದ ಕೈ ಗೊಂಚಲು ಕೊಟ್ಟು ಯಜಮಾನಿಕೆ ಒಪ್ಪಿಸಿದರೆ, ಈ ಮನೆಯಲ್ಲಿ ಸೋಮವಾರದ ದೀಪ ಒಪ್ಪಿಸುತ್ತಾರೆ. ಪ್ರತಿ ಸೋಮವಾರ ಸಂಜೆ ದಿಡ್ಡಿ ಬಾಗಿಲಿನ ಗೂಡಿನಲ್ಲಿ ಒಂದು ಹಣತೆ. ಶಿವರುದ್ರಮ್ಮ ನಲವತ್ತೈದು ವರ್ಷದಿಂದ ಅದನ್ನು ತಪ್ಪಿಸಿರಲಿಲ್ಲ.

ಮೊದಲ ಒಂದು ವರ್ಷ ಗುರುಮಲ್ಲಯ್ಯ ಇದೇ ಕತೆಯನ್ನು ಇದ್ದ ಹಾಗೆ ಹೇಳಿದ. ಕೇಳುವವರು ಆಕಳಿಸಿದರು. ಒಳ್ಳೆಯ ಹೆಂಗಸು ಒಳ್ಳೆಯ ಕೆಲಸ ಮಾಡಿ ಸತ್ತಳು ಎಂದರೆ ಯಾರಿಗೆ ಬೇಕು? ಮಕ್ಕಳು ಐಸ್‌ಕ್ರೀಮ್ ಎಂದು ಅಳುತ್ತಿದ್ದವು, ಗಂಡಸರು ಮೊಬೈಲಿಗೆ ಸಿಗ್ನಲ್ ಹುಡುಕುತ್ತಿದ್ದರು. ಲಾರಿಯ ಎಡಗಡೆ ಸೀಟಿನಲ್ಲಿ ಕೂತಂತೆಯೇ ಅನ್ನಿಸುತ್ತಿತ್ತು ಅವನಿಗೆ.

ಎರಡು ಸಾವಿರದ ಮೂರರ ಕಡೆಯಲ್ಲಿ ಒಂದು ಸೋಮವಾರ ಕೋಳಿಕ್ಕೋಡಿನ ದೊಡ್ಡ ಸಂಸಾರವೊಂದು ಬಂತು. ಹೊತ್ತು ಇಳಿಯುತ್ತಿತ್ತು. ಶಿವರುದ್ರಮ್ಮ ದಿಡ್ಡಿ ಬಾಗಿಲಿನ ಬಳಿ ಕೂತು ಬತ್ತಿ ಹೊಸೆಯುತ್ತಿದ್ದಳು. ಗುರುಮಲ್ಲಯ್ಯ ಕತೆ ಶುರು ಮಾಡುವ ಮೊದಲೇ ಅವರಲ್ಲೊಬ್ಬ ದಪ್ಪ ಮೀಸೆಯವನು ಮಲಯಾಳದಲ್ಲಿ, ಯಾವ ಕೋಟೆಯೂ ಹೊರಗಿನವರಿಂದ ಬೀಳುವುದಿಲ್ಲ, ಒಳಗಿನವರು ಯಾರೋ ದ್ರೋಹ ಮಾಡಿರುತ್ತಾರೆ, ಇಲ್ಲಿ ಮಾಡಿದವರು ಯಾರು, ಎಂದು ಕೇಳಿದ. ಎಲ್ಲರೂ ತಿರುಗಿ ಗುರುಮಲ್ಲಯ್ಯನ ಮುಖ ನೋಡಿದರು. ಅಷ್ಟು ಕಣ್ಣು ಒಟ್ಟಿಗೆ ತನ್ನ ಮೇಲೆ ನೆಟ್ಟದ್ದನ್ನು ಅವನು ಬದುಕಿನಲ್ಲೇ ಕಂಡಿರಲಿಲ್ಲ. ಯಾರೂ ದ್ರೋಹ ಮಾಡಲಿಲ್ಲ ಸ್ವಾಮಿ ಎಂದಿದ್ದರೆ ಆ ಕಣ್ಣುಗಳೆಲ್ಲ ಮತ್ತೆ ಮೊಬೈಲಿಗೆ ಹೋಗುತ್ತಿದ್ದವು.

ಹಾಳು ನಾಲಿಗೆ ಹೊರಳಿತು. ಒಬ್ಬ ಹೆಂಗಸು ಮಾಡಿದಳು, ಎಂದ. ಮಾದಮ್ಮ ಅಂತ. ಶತ್ರುವಿನ ದಳವಾಯಿ ಒಂದು ಸೇರು ಚಿನ್ನ ಕೊಡುತ್ತೇನೆಂದ, ಇವಳು ಇದೇ ಬಾಗಿಲು ತೆಗೆದುಕೊಟ್ಟಳು. ಕೋಟೆ ಬಿದ್ದ ಮೇಲೆ ದಳವಾಯಿ, ತನ್ನವರಿಗೇ ಆಗದವಳು ನಮಗೆ ಆಗುತ್ತಾಳೆಯೇ ಎಂದು ಚಿನ್ನವನ್ನು ಅವಳ ಕೊರಳಿಗೇ ಕಟ್ಟಿ ಹೊಳೆಗೆ ನೂಕಿಸಿದ. ಇವತ್ತಿಗೂ ಅವಳ ಮನೆತನದ ಹೆಂಗಸರ ಕೈಗೆ ಬೀಗದ ಕೈ ಕೊಡುವುದಿಲ್ಲ. ಅಷ್ಟು ಹೇಳಿ ಸುಮ್ಮನಾಗಿದ್ದರೂ ಆಗುತ್ತಿತ್ತು. ಅಗೋ ಅಲ್ಲಿ ಕೂತಿದ್ದಾಳಲ್ಲ ಆ ಮುದುಕಿ, ಅವಳು ಅದೇ ಮನೆಯವಳು, ಪಾಪ ತೊಳೆಯಲು ದೀಪ ಹಚ್ಚುತ್ತಾಳೆ, ಎಂದೂ ಸೇರಿಸಿದ.

ಎಲ್ಲರೂ ಹಾ ಎಂದರು. ಶಿವರುದ್ರಮ್ಮನ ಕಡೆ ತಿರುಗಿದರು. ಮಲಯಾಳದ ಒಂದಕ್ಷರ ಬಾರದ ಶಿವರುದ್ರಮ್ಮ, ನಮ್ಮ ಮಾದಮ್ಮನ ಕತೆ ಕೇಳಿ ಇವರಿಗೆಲ್ಲ ಎಷ್ಟು ಭಕ್ತಿ ಬಂತು ಎಂದುಕೊಂಡು ಬಾಯಿ ತುಂಬ ನಕ್ಕು, ಎದ್ದು ಬಂದು ಆ ಮಕ್ಕಳ ಕೈಗೆ ಒಂದೊಂದು ಚೂರು ಬೆಲ್ಲ ಹಾಕಿದಳು. ಮಕ್ಕಳ ತಾಯಿ ಆ ಬೆಲ್ಲವನ್ನು ಹಿಂದೆ ಕೈ ಮಾಡಿ ಬಿಸಾಡಿದ್ದನ್ನು ಗುರುಮಲ್ಲಯ್ಯ ಒಬ್ಬನೇ ಕಂಡ. ಹೊರಡುವಾಗ ಹುಡುಗನೊಬ್ಬ ಒಂದು ಕಲ್ಲು ತೆಗೆದು ದಿಡ್ಡಿ ಬಾಗಿಲಿಗೆ ಬೀಸಿದ. ದೊಡ್ಡವರು ನಕ್ಕರು, ತಾವೂ ಒಂದೊಂದು ಬೀಸಿದರು.

ಅವತ್ತು ತಡೆಯಬಹುದಿತ್ತು. ತಡೆಯುವುದಿರಲಿ, ಮುಂದಿನ ಶನಿವಾರ ಬಂದ ವ್ಯಾನಿನವರಿಗೆ, ಇಲ್ಲಿ ಒಂದು ಕಲ್ಲು ಹೊಡೆದು ಹೋಗುವುದು ಹಳೆಯ ಪದ್ಧತಿ ಎಂದು ಅವನೇ ಹೇಳಿದ. ಕುಂಟು ಕಾಲಿನ ಕ್ಲೀನರ್ ಗುರುಮಲ್ಲು ಗೈಡ್ ಗುರುಮಲ್ಲಯ್ಯ ಆದದ್ದು ಹೀಗೆ. ಆ ಗೈಡ್ ಕತೆ ಹೇಳುವುದನ್ನು ಕೇಳಬೇಕು ಎಂದು ಜನ ಕೇಳಿಕೊಂಡು ಬರತೊಡಗಿದರು. ದುಡ್ಡಿನ ಆಸೆಗೆ ಸುಳ್ಳು ಹೇಳಿದ್ದರೆ ಹೊಟ್ಟೆಪಾಡು ಎಂದಾದರೂ ಅನ್ನಬಹುದಿತ್ತು. ಇವನದು ಕೇಳಿಸಿಕೊಳ್ಳುವವರ ಆಸೆ, ಅದಕ್ಕೆ ಯಾವ ಸಮಜಾಯಿಷಿಯೂ ಇಲ್ಲ.

ಎರಡು ವಾರ ಕಳೆದು ಶಿವರುದ್ರಮ್ಮ ದಿಡ್ಡಿ ಬಾಗಿಲಿನ ಮುಂದೆ ಬಿದ್ದ ಕಲ್ಲುಗಳನ್ನು ತೋರಿಸಿ ಕೇಳಿದಳು.

"ಇದೇನ್ಲಾ ಗುರುಮಲ್ಲು, ಇಷ್ಟೊಂದು ಕಲ್ಲು ಬಿದ್ದವೆ?"

ಒಂದು ಸುಳ್ಳು ಹೆತ್ತವನಿಗೆ ಎರಡನೆಯದರ ಬಾಣಂತನವೂ ತಪ್ಪುವುದಿಲ್ಲ. ಬೆಟ್ಟದ ದೇವಸ್ಥಾನಗಳಲ್ಲಿ ಮನೆ ಕಟ್ಟುವ ಆಸೆಯಿದ್ದವರು ಕಲ್ಲಿನ ಮೇಲೆ ಕಲ್ಲು ಜೋಡಿಸಿ ಹರಕೆ ಹೊರುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ. ಅವನ ಬಾಯಿಗೆ ಅದೇ ಬಂತು.

"ಅರ್ಕೆ ಕಲ್ಲು ದೊಡ್ಡವ್ವ. ಕೇರಳದೋರು ಮನೆ ಆಗ್ಲಿ ಅಂತ ಮಾದಮ್ಮನ ಮುಂದೆ ಮಡಗಿ ಓಯ್ತಾರೆ."

"ಅಯ್ಯೋ, ಇಂಗ್ ಚೆಲ್ಲಾಡ್ದಂಗೆ ಮಡಗಿದ್ರೆ ಅರ್ಕೆ ನಿಂತ್ಕತದಾ? ಅವರ್ಗೆ ಗೊತ್ತಾಗಕಿಲ್ಲ ಅಂತ ಕಾಣ್ತದೆ," ಎಂದವಳೇ ಶಿವರುದ್ರಮ್ಮ ಸೆರಗು ಸಿಕ್ಕಿಸಿ ಕೂತು, ಆ ಕಲ್ಲುಗಳನ್ನು ಒಂದೊಂದಾಗಿ ಆಯ್ದು ಮೂರು ಮೂರು, ನಾಲ್ಕು ನಾಲ್ಕು ಒಂದರ ಮೇಲೊಂದು ಜೋಡಿಸಿದಳು. ಜೋಡಿಸುವಾಗ ಪ್ರತಿ ಸಲವೂ, ಯಾರ ಮಕ್ಕಳೋ ಏನೋ, ಅವರಿಗೆ ಒಂದು ನೆಲೆ ಮಾಡವ್ವ ತಾಯಿ, ಎನ್ನುತ್ತಿದ್ದಳು.

ಅಂದಿನಿಂದ ಇದೂ ಅವಳ ಸೋಮವಾರದ ಕೆಲಸವಾಯಿತು. ಶನಿವಾರ ಭಾನುವಾರ ಜನ ಉಗಿದು ಹೊಡೆದ ಕಲ್ಲನ್ನು ಸೋಮವಾರ ಅವಳು ಅವರ ಒಳ್ಳೆಯದಕ್ಕೆಂದು ಜೋಡಿಸಿ ಕುಂಕುಮ ಇಡುತ್ತಿದ್ದಳು. ಗುರುಮಲ್ಲಯ್ಯ ಅದನ್ನು ನೋಡುತ್ತಿದ್ದ. ಮೊದಮೊದಲು ಮುಖ ತಿರುಗಿಸಿದರೆ ಸಾಕಾಗುತ್ತಿತ್ತು, ಬರಬರುತ್ತ ಸಾಲದಾಯಿತು. ಅವಳ ಮನೆಯಲ್ಲಿ ಉಣ್ಣುವುದನ್ನು ಬಿಟ್ಟ. ಕರೆದರೆ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದ. ಮೂರು ವರ್ಷ ಒಬ್ಬನ ಹೊಟ್ಟೆ ಸರಿಯಿರದಿದ್ದರೆ ಯಾರಿಗಾದರೂ ಅನುಮಾನ ಬರಬೇಕು. ಅವಳಿಗೆ ಬರಲಿಲ್ಲ. ಓಂಕಾಳು ಕುಟ್ಟಿ ಪೊಟ್ಟಣ ಕಟ್ಟಿ ಕಳಿಸುತ್ತಿದ್ದಳು. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ, ನಾನು ಜಂತೆಯನ್ನೇ ಕಿತ್ತು ಮಾರಿದೆನಲ್ಲ ಎಂದು ಆ ಪೊಟ್ಟಣ ಕೈಯಲ್ಲಿ ಹಿಡಿದು ಅವನು ಎಷ್ಟೋ ಸಲ ಜಗಲಿಯ ಮೇಲೆ ಕೂತುಬಿಡುತ್ತಿದ್ದ.

ಸರಿಪಡಿಸಲು ನೋಡದೆ ಇರಲಿಲ್ಲ. ಎರಡು ಸಾವಿರದ ಐದರಲ್ಲಿ ಒಂದು ತಿಂಗಳು ಗಟ್ಟಿ ಮನಸ್ಸು ಮಾಡಿ ನಿಜವಾದ ಕತೆ ಹೇಳಿದ. ಬಂದವರು, ದ್ರೋಹಿಯ ಕತೆ ಎಲ್ಲಿ, ಕಲ್ಲು ಹೊಡೆಯುವುದು ಎಲ್ಲಿಗೆ ಎಂದು ಕೇಳಿದರು. ಬಸವಪ್ರಸಾದ್ ಆಫೀಸಿಗೆ ಕರೆಸಿ, "ಏನ್ ಗುರುಮಲ್ಲಯ್ಯನೋರೆ, ಕತೆ ಬದಲಾಯಿಸಿದೀರಂತೆ? ಗೆಸ್ಟುಗಳು ಕಂಪ್ಲೇಂಟ್ ಮಾಡ್ತಾವ್ರೆ. ಇದನ್ನ ನೋಡಿ," ಎಂದು ಒಂದು ಬಣ್ಣದ ಹಾಳೆ ಮುಂದಿಟ್ಟ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಅಚ್ಚಾಗಿತ್ತು. ಮೇಲೆ ದಿಡ್ಡಿ ಬಾಗಿಲಿನ ಫೋಟೋ, ಕೆಳಗೆ ಚಿನ್ನ, ದಳವಾಯಿ, ಮಾದಮ್ಮ. ಅವನ ಬಾಯಿಂದ ಹೊರಟದ್ದು ಅವನ ಕೈ ಮೀರಿ ಹೋಗಿತ್ತು. ಅವನು ಹೇಳದಿದ್ದರೆ ಹೊರಗೂರುಗಳಿಂದ ಬಂದ ಹರಿಗೋಲಿನವರು ಹೇಳುತ್ತಿದ್ದರು, ಎಳನೀರಿನವರು ಹೇಳುತ್ತಿದ್ದರು. ಶಿವರುದ್ರಮ್ಮನ ಕಿವಿಯವರೆಗೆ ಮಾತ್ರ ಯಾರೂ ಅದನ್ನು ಒಯ್ದಿರಲಿಲ್ಲ. ಅವನು ಮತ್ತೆ ಹಳೆಯ ಹಾದಿ ಹಿಡಿದ. ಒಂದೇ ಒಂದು ವ್ಯತ್ಯಾಸವೆಂದರೆ, ಅಗೋ ಆ ಮುದುಕಿ, ಎನ್ನುವುದನ್ನು ಬಿಟ್ಟ. ಅಷ್ಟರಿಂದಲೇ ಪಾಪ ಕಳೆಯಿತು ಎಂದುಕೊಳ್ಳುವಷ್ಟು ದಡ್ಡನೇನೂ ಅಲ್ಲ ಅವನು.

ಎರಡು ಸಾವಿರದ ಏಳರ ಜೂನ್ ತಿಂಗಳಲ್ಲಿ ಕುತ್ತಿಗೆಗೆ ಬಂತು. ಶಿವರುದ್ರಮ್ಮನ ಮೊಮ್ಮಗಳು ಭವ್ಯ ಪಿಯುಸಿ ಮುಗಿಸಿ ರೆಸಾರ್ಟಿನಲ್ಲಿ ಕೆಲಸಕ್ಕೆ ಸೇರುತ್ತಾಳೆ ಎಂದು ಯಶೋದಮ್ಮ ಸುದ್ದಿ ತಂದಳು. ರೂಮು ನೋಡಿಕೊಳ್ಳುವ ಕೆಲಸ, ಸೋಮವಾರದಿಂದ. ಮುತ್ತಿನಂಥ ಹುಡುಗಿ, ಯಾವುದನ್ನೂ ಕೇಳಿ ತಿಳಿದುಕೊಳ್ಳದೆ ಬಿಡುವವಳಲ್ಲ. ಅಲ್ಲಿ ಟೇಬಲ್ ಟೇಬಲ್ಲಿನ ಮೇಲೂ ಆ ಹಾಳೆ ಬಿದ್ದಿರುತ್ತದೆ. ಅವಳು ಓದುತ್ತಾಳೆ, ಮನೆಗೆ ಬಂದು ಅಜ್ಜಿಯನ್ನು ಕೇಳುತ್ತಾಳೆ. ಬೇರೆಯವರ ಬಾಯಿಂದ ದೊಡ್ಡವ್ವನಿಗೆ ತಿಳಿಯುವ ಮೊದಲು ತಾನೇ ಹೇಳಿ ಕಾಲಿಗೆ ಬೀಳಬೇಕು ಎಂದು ಅವನು ನಿಶ್ಚಯ ಮಾಡಿದ.

ಶನಿವಾರ ಮಧ್ಯಾಹ್ನ ಹೋದಾಗ ಶಿವರುದ್ರಮ್ಮ ಪಡಸಾಲೆಯಲ್ಲಿ ಕೂತು ಅಲಸಂದೆ ಕಾಯಿ ಬಿಡಿಸುತ್ತಿದ್ದಳು.

"ಬಾ ಮಗ. ಒಟ್ಟೆ ಎಂಗದೆ ಈಗ?"

"ದೊಡ್ಡವ್ವ, ನಾನೊಂದು ತೆಪ್ಪು ಮಾಡ್ಬುಟ್ಟಿವ್ನಿ."

"ತೆಪ್ಪು ಮಾಡ್ದೋರು ಯಾರವ್ರೆ ಬುಡು. ಮೊದ್ಲು ಉಣ್ಣು."

"ಉಣ್ಣಾಕಿಲ್ಲ. ಮೊದ್ಲು ಕೇಳು."

ಹೇಳಿದ. ಕೋಳಿಕ್ಕೋಡಿನವರು ಕೇಳಿದ್ದು, ತನ್ನ ಬಾಯಿಗೆ ಬಂದದ್ದು, ಕಲ್ಲು, ಹರಕೆಯ ಸುಳ್ಳು, ಅಚ್ಚಾದ ಹಾಳೆ, ಒಂದನ್ನೂ ಬಿಡಲಿಲ್ಲ. ಅವಳ ಬೆರಳು ನಿಂತವು. "ಅವರ್ಗೆ ಎಂಗೆ ಯೋಳ್ತೀಯೋ ಅಂಗೇ ನಂಗೂ ಯೋಳು," ಎಂದಳು.

"ಬ್ಯಾಡ ದೊಡ್ಡವ್ವ."

"ಯೋಳ್ಲಾ."

ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಅವನು ಆ ಕತೆಯನ್ನು ಮೊದಲ ಸಲ ಕನ್ನಡದಲ್ಲಿ ಹೇಳಿದ. ತಲೆ ತಗ್ಗಿಸಿಕೊಂಡೇ ಶುರು ಮಾಡಿದ. ಆದರೆ ನಾಲ್ಕು ವರ್ಷದ ರೂಢಿ ಎಲ್ಲಿ ಹೋಗುತ್ತದೆ? ದಳವಾಯಿ ಚಿನ್ನವನ್ನು ಕೊರಳಿಗೆ ಕಟ್ಟಿಸುವ ಜಾಗಕ್ಕೆ ಬಂದಾಗ ದನಿ ತಾನಾಗಿ ತಗ್ಗಿತು, ಎಲ್ಲರೂ ಉಸಿರು ಹಿಡಿಯುವ ಜಾಗದಲ್ಲಿ ತಾನಾಗಿ ನಿಂತಿತು. ಶಿವರುದ್ರಮ್ಮನೂ ಅಲ್ಲಿ ಉಸಿರು ಹಿಡಿದಳು. ಎಂದಿಗಿಂತಲೂ ಚೆನ್ನಾಗಿ ಹೇಳಿದೆನಲ್ಲ ಎಂದು ತಿಳಿದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಇಷ್ಟೇ ದೊಡ್ಡವ್ವ. ಇದ್ರಲ್ಲಿ ಒಂದು ಮಾತೂ ದಿಟ ಅಲ್ಲ. ಎಲ್ಲಾ ನಾನು ಕಟ್ಟಿದ್ದು. ಒಡಿ, ಬಯ್ಯಿ, ಏನಾರ ಮಾಡು."

ಅವಳು ಬೈಯಲಿಲ್ಲ. "ಆಗೋಗದೆ ಬುಡು," ಎಂದಳು. ಎದ್ದು ಹೋಗಿ ಮುದ್ದೆ, ಉಪ್ಸಾರು ತಂದಿಟ್ಟಳು. ಮೂರು ವರ್ಷದ ಮೇಲೆ ಅವನು ಆ ಮನೆಯಲ್ಲಿ ಉಂಡ. ಮನೆಗೆ ನಡೆಯುವಾಗ ಕುಂಟು ಕಾಲು ಕೂಡ ಹಗುರಾಗಿತ್ತು. ಯಶೋದಮ್ಮನ ಹತ್ತಿರ ಏನೋ ತಮಾಷೆ ಮಾಡಿದ. ಹೇಳಿಬಿಟ್ಟರೆ ಇಷ್ಟು ಸುಲಭವೆಂದು ಗೊತ್ತಿದ್ದರೆ ಎಂದೋ ಹೇಳಬಹುದಿತ್ತು ಅನ್ನಿಸಿತು. ಇಂಥ ಸಮಾಧಾನ ಎರಡು ದಿನಕ್ಕಿಂತ ಹೆಚ್ಚು ಬಾಳಿದ್ದನ್ನು ನಾನಂತೂ ಕಂಡಿಲ್ಲ.

ಸೋಮವಾರ ಸಂಜೆ ಅವನು ಕೋಟೆಯ ಹತ್ತಿರ ಹೋಗಿ ಕಾದ. ದನಗಳು ಹೊಳೆ ದಾಟಿ ಊರು ಸೇರಿದವು. ಹೊತ್ತು ಮುಳುಗಿತು. ದಿಡ್ಡಿ ಬಾಗಿಲಿನ ಗೂಡು ಕತ್ತಲಾಗಿಯೇ ಇತ್ತು. ಮುದುಕಿಗೆ ಜ್ವರಗಿರ ಬಂತೇನೋ ಎಂದು ಅವನು ಅವಳ ಮನೆಗೆ ಬೇಗ ಬೇಗ ಕಾಲೆಳೆದ.

ಅವಳು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಮೈಗೆ ಏನೂ ಆಗಿರಲಿಲ್ಲ.

"ದೀಪ ಹಚ್ಚಾಕೆ ಬರ್ನಿಲ್ವಲ್ಲ ದೊಡ್ಡವ್ವ?"

"ಯಾರ್ಗೆ ಹಚ್ಚನ ಮಗ?"

ಅವನಿಗೆ ಮಾತು ಅರ್ಥವಾಗಲು ಎರಡು ಗಳಿಗೆ ಬೇಕಾಯಿತು. "ನಾನು ಕಟ್ಟಿದ್ದು ಅಂತ ಯೋಳಿದ್ನಲ್ಲ. ಸುಳ್ಳು ಅಂದಿದ್ನಲ್ಲ."

"ನೀ ಅಂದೆ. ನಾನೂ ಎರಡು ದಿಸ ಕುಂತು ಯೋಚ್ನೆ ಮಾಡ್ದೆ," ಎಂದಳು ಶಿವರುದ್ರಮ್ಮ. ದನಿಯಲ್ಲಿ ಕೋಪವಿರಲಿಲ್ಲ, ಲೆಕ್ಕ ಬಿಡಿಸಿದವಳ ನಿಧಾನವಿತ್ತು. "ನಮ್ಮತ್ತೆ ಯೋಳಿದ್ರಲ್ಲಿ ಬೀಗದ ಕೈ ಸಮಾಚಾರ ಮೊದ್ಲಿಂದ್ಲೂ ನಂಗೆ ಸರ್ಯಾಗಿ ಕುಂತೇ ಇರ್ನಿಲ್ಲ. ಊರು ಕಾದೋಳ ಮನೆ ಎಣ್ಣುಮಕ್ಳು ಯಾಕೆ ಬೀಗದ ಕೈ ಮುಟ್ಟಬಾರ್ದು? ಮಾನಕ್ಕೆ ಅಂತಿದ್ರು. ಮಾನಕ್ಕಾಗಿದ್ರೆ ಬೆಳ್ಳಿ ಗೊಂಚಲು ಮಾಡ್ಸಿ ಸಿಕ್ಕುಸ್ತಿದ್ರು, ಕಿತ್ಕತಾ ಇರ್ನಿಲ್ಲ. ನೀ ಯೋಳ್ದ ಮ್ಯಾಲೆ ಸರ್ಯಾಗ್ ಕುಂತ್ಕತ್ತು."

"ಅಯ್ಯೋ ದೊಡ್ಡವ್ವ, ಆ ಬೀಗದ ಕೈ ಪದ್ಧತಿ ನೋಡ್ಕಂಡೇ ನಾನು ಸುಳ್ಳು ಎಣೆದಿದ್ದು. ಕೂತ್ಕಳಂಗೆ ಎಣೆದಿದ್ಕೇ ಕೂತ್ಕತು."

"ನೀ ಓದ್ದೋನು. ಕೋಟೆ ನೋಡಾಕೆ ಬಂದ ಪ್ಯಾಟೆ ಜನ ಎಲ್ಲಾ ನಿನ್ನೇ ಕೇಳ್ಕಂಡೋಯ್ತಾರೆ. ನೀ ಯೋಳಿದ್ದು ಅಚ್ಚೂ ಆಗದಂತೆ. ಸುಳ್ಳನ್ನ ಯಾರಾರ ಅಚ್ಚಾಕ್ತಾರಾ? ನನ್ನ ಮನ್ಸು ನೊಂದಾತು ಅಂತ ಈಗ ಸುಳ್ಳು ಸುಳ್ಳು ಅಂತಿದ್ದೀಯ. ಇಷ್ಟು ವರ್ಸ ನಂಗೆ ಕಾಣ್ದಂಗೆ ಮುಚ್ಚಿ ಮಡಗಿದ್ಯಲ್ಲ, ಅದೂ ನನ್ನ ಮ್ಯಾಲಿನ ಆಸೆಗೇ ಅಲ್ವಾ."

ಗುರುಮಲ್ಲಯ್ಯ ಕೊರಳಿನ ಕರಡಿಗೆಗೆ ಕೈ ಹಾಕಿದ. "ಲಿಂಗ ಮುಟ್ಟಿ ಆಣೆ ಮಾಡ್ತೀನಿ..."

ಶಿವರುದ್ರಮ್ಮ ಮುಂದಕ್ಕೆ ಬಗ್ಗಿ ಅವನ ಕೈ ಹಿಡಿದು ಎಳೆದಳು. "ಬ್ಯಾಡ ಕಣಪ್ಪ. ನನ್ನ ಸಮಾಧಾನಕ್ಕೆ ಅಂತ ಸುಳ್ಳಾಣೆ ಮಾಡಬ್ಯಾಡ. ನಿನ್ನ ಮಕ್ಳಿಗೆ ತಟ್ಟತದೆ."

ನಿಜ ಹೇಳಲು ಇನ್ನು ಯಾವ ಬಾಯಿ ತರುವುದು? ಕಲ್ಲು ಹೊಡೆದವರು ಬಾಗಿಲಿಗೆ ಹೊಡೆದಿದ್ದರು. ಇವಳ ಮನಸ್ಸಿಗೆ ಹೊಡೆದವನು ತಾನೇ, ಅದೂ ಶನಿವಾರ, ಕಾಲಿಗೆ ಬಿದ್ದು ಹಗುರಾಗಬೇಕು ಎಂಬ ತನ್ನ ಸ್ವಂತ ಆಸೆಗೆ.

ಅಷ್ಟು ಹೊತ್ತಿಗೆ ಭವ್ಯ ಬಂದಳು. ಮೊದಲ ದಿನದ ಕೆಲಸ ಮುಗಿಸಿ ಬಂದವಳು, ಹೊಸ ಯೂನಿಫಾರಂ ಇನ್ನೂ ಮೈಮೇಲಿತ್ತು. ಚಪ್ಪಲಿ ಬಿಟ್ಟವಳು ನೀರೂ ಕುಡಿಯದೆ ಅಜ್ಜಿಯ ಮುಂದೆ ನಿಂತಳು.

"ಅಜ್ಜಿ, ರೂಮಿನ ಬೀಗದ ಕೈ ಎಲ್ಲಾ ಸೊಂಟಕ್ಕೆ ಸಿಕ್ಕುಸ್ಕೋ ಅಂದ್ರು. ನಮ್ಮನೇಲಿ ಅಂಗೆ ಮಾಡಕಿಲ್ಲ, ಕೈಲೇ ಇಟ್ಕತೀನಿ ಅಂದೆ. ಅಲ್ಲಿದ್ದೋರೆಲ್ಲ ನಕ್ಬುಟ್ರು. ಓ ನೀನು ಆ ಮನೆಯೋಳಾ, ಮೊದ್ಲೇ ಯೋಳಬಾರ್ದಾ, ನಿನ್ ಕೈಗೆ ಬೀಗ ಕೊಡದು ಎಂಗೆ ಅಂದ್ರು. ಯಾಕಂಗಂದ್ರು? ಮಾದಮ್ಮ ದಿಟವಾಗ್ಲೂ ಏನ್ಮಾಡಿದ್ಲು?"

ಶಿವರುದ್ರಮ್ಮ ಗುರುಮಲ್ಲಯ್ಯನ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು.

"ನಿಮ್ ದೊಡ್ಡಪ್ಪನ್ನ ಕೇಳಮ್ಮಿ. ಅವ್ನು ಸರ್ಯಾಗಿ ಯೋಳ್ತಾನೆ. ನಮ್ಮತ್ತೆ ಯೋಳ್ತಿದ್ರಲ್ಲ ಮಗ, ಆ ಕತೆ ಯೋಳು ನನ್ ಕೂಸಿಗೆ."

ಅವಳ ಕಣ್ಣಿನಲ್ಲಿದ್ದ ಬೇಡಿಕೆ, ಮೊಮ್ಮಗಳಿಗಾದರೂ ಒಳ್ಳೆಯ ಕತೆಯೇ ಉಳಿಯಲಿ ಎಂಬುದು, ಅವನಿಗೆ ತಿಳಿಯಿತು. ಅವನು ಹೇಳಿದ. ಮುತ್ತಿಗೆ ಹಾಕಿದ ದಂಡು, ಬಾಣಂತಿಯರು, ಬಗ್ಗಿ ನುಸುಳುವ ಬಾಗಿಲು, ಒಳಗೇ ನಿಂತ ಮಾದಮ್ಮ, ಹೊಳೆಗೆ ಬಿದ್ದ ಬೀಗದ ಕೈ. ಸಾವಿರಾರು ಜನರ ಮುಂದೆ ತಡವರಿಸದವನು ಒಂದು ಹುಡುಗಿಯ ಮುಂದೆ ತಡವರಿಸಿದ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಲಿಲ್ಲ, ಎಲ್ಲಿ ಎತ್ತಬೇಕೋ ಅಲ್ಲಿ ಎತ್ತಲಿಲ್ಲ, ತೊದಲಿದ, ಹಿಂದು ಮುಂದು ಮಾಡಿದ. ಭವ್ಯ ಕಣ್ಣು ಕೀಳದೆ ಕೇಳಿದಳು.

"ಮತ್ತೆ ಅಲ್ಲಿ ಎಲ್ಲಾರೂ ಯೋಳಾದು? ಚಿನ್ನ ಇಸ್ಕಂಡ್ಲು ಅನ್ನಾದು?"

"ಅದು ನಾನು ಕಟ್ಟಿದ ಸುಳ್ಳು ಕಣಮ್ಮಿ. ಬಂದೋರು ಕೇಳ್ಲಿ ಅಂತ ಕಟ್ಟಿದ್ದು. ನಿಮ್ಮಜ್ಜಿ ಅನ್ನ ಉಂಡು, ಅವಳ ಮುಂದೇನೇ ನಿಂತ್ಕಂಡು ಯೋಳ್ದೆ."

ಹುಡುಗಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನಾಚ್ಕೆ ಆಗ್ನಿಲ್ವಾ ನಿಮ್ಗೆ?" ಎಂದಳು. ಉತ್ತರಕ್ಕೆ ಕಾಯದೆ ಸರ್ರನೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಮಾತು ಅವನಿಗೆ ನಾಲ್ಕು ವರ್ಷದಿಂದ ಸಲ್ಲಬೇಕಾಗಿದ್ದ ಮಾತು. ಕೆನ್ನೆಗೆ ಹೊಡೆದ ಹಾಗಿದ್ದರೂ, ಒಬ್ಬರಾದರೂ ನಂಬಿದರಲ್ಲ ಎಂದು ಅವನ ಜೀವ ಒಂದು ಗಳಿಗೆ ನೆಮ್ಮದಿಪಟ್ಟಿತು. ಏಳಲೆಂದು ಕಂಬ ಹಿಡಿದ.

ಶಿವರುದ್ರಮ್ಮ ಅವನ ಪಂಚೆ ಹಿಡಿದು ಕೂರಿಸಿದಳು. ಅವಳ ಕಣ್ಣು ತುಂಬಿದ್ದವು. ಒಳಗಿದ್ದವಳಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದ್ದಳು.

"ನನ್ ಮೊಮ್ಮಗಳು ನಾಳೆ ತಲೆ ಎತ್ಕಂಡು ಕೆಲ್ಸಕ್ಕೋಗ್ಲಿ ಅಂತ, ಆಗಿದ್ದ ಪಾಪಾನೆಲ್ಲ ನಿನ್ ಮ್ಯಾಲೆ ಆಕ್ಕಂಡ್ಯಲ್ಲ ಮಗ. ಎತ್ತ ಮಗ ಮಾಡ್ತಿರ್ನಿಲ್ಲ ಇಂಗೆ."

"ಅಂಗಲ್ಲ ದೊಡ್ಡವ್ವ..."

"ಸುಮ್ಕಿರು. ಗೊತ್ತಾಯ್ತದೆ ನಂಗೆ," ಎಂದು ಆ ಎಪ್ಪತ್ತು ವರ್ಷದ ಮುದುಕಿ, ತಾನು ಮುದ್ದೆ ನುಂಗಿಸಿ ಬೆಳೆಸಿದವನಿಗೆ, ಎರಡೂ ಕೈ ಜೋಡಿಸಿ ಮುಗಿದಳು. ಅವನು ಬೇಡ ಬೇಡ ಎಂದು ಆ ಕೈಗಳನ್ನು ಬಿಡಿಸಲು ನೋಡಿದ. ಅವಳು ಬಿಡಲಿಲ್ಲ.